ಆಟಿಯಲ್ಲೊಂದು ಮದುವೆ

ಆಟಿ ತಿಂಗಳಲ್ಲಿ ತುಳುನಾಡಿನವರು ಮದುವೆ ಇಟ್ಟುಕೊಳ್ಳುವುದಿಲ್ಲ. ಸತ್ತವರ ಮದುವೆ ಮಾತ್ರ ನಡೆಯುವುದುಂಟು. ತುಳುವಿನಲ್ಲಿ ಅದು ಕುಲೆ ಮದಿಮೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಮನೆಗೆ ನಾನು ಹೋದದ್ದು ಅಂಥ ಮದುವೆಗೆ.

ಹೆಣ್ಣು, ಗಂಡು ಇಬ್ಬರೂ ಕೂಸಾಗಿದ್ದಾಗಲೇ ತೀರಿಕೊಂಡವರು. ಹುಡುಗಿಯ ತಮ್ಮನಿಗೆ ಎಲ್ಲೂ ಸಂಬಂಧ ಕೂಡಿ ಬರಲಿಲ್ಲ. ಜ್ಯೋತಿಷಿಯಿಂದ ಪ್ರಶ್ನೆ ಇಡಿಸಿದರು. ಮನೆಯಲ್ಲಿ ಅಕ್ಕನದು ಬಾಕಿ ಇದೆ ಎಂದು ಕಂಡುಬಂತು. ಬದುಕಿದ್ದರೆ ಅವಳಿಗೀಗ ಮೂವತ್ತು, ಅಕ್ಕನದಾಗದೆ ತಮ್ಮನದು ಹೇಗೆ? ಹಾಗೆಂದು ಯಾವ ಗಂಡಾದರೂ ಆಗುವುದಿಲ್ಲ. ಪ್ರಾಯ ಹೊಂದಬೇಕು, ಒಂದೇ ಬರಿಯವರಾಗಬಾರದು. ಬರಿ ಎಂದರೆ ಗೋತ್ರದ ಹಾಗೆ, ಕುಲದ ಕವಲು.

ನನ್ನ ಜೊತೆ ನನ್ನ ಅಕ್ಕನ ಮಗನೂ ಬಂದಿದ್ದ. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾನೆ, ದೆವ್ವ ಹುಡುಕುವ ಹುಚ್ಚು. ಕೈಯಲ್ಲೊಂದು ಇಎಂಎಫ್ ಮೀಟರ್. ವಯರು, ಯಂತ್ರಗಳ ಸುತ್ತಲಿನ ವಿದ್ಯುತ್ಕಾಂತ ಕ್ಷೇತ್ರ ಅಳೆಯುವ ಸಾಧನ ಅದು. ಪ್ರೇತ ಹತ್ತಿರ ಬಂದರೂ ಅದರ ದೀಪ ಹೊತ್ತುತ್ತದೆ ಅನ್ನುವುದು ಇವನಂಥವರ ನಂಬಿಕೆ. ಚಾವಡಿಯ ಇನ್ವರ್ಟರ್ ಪಕ್ಕ ಹೋದದ್ದೇ ಎಲ್ಲ ದೀಪ ಹೊತ್ತಿಕೊಂಡವು. ಆ ಮನೆಯ ಅಜ್ಜಿ ಬಗ್ಗಿ ನೋಡಿ, "ಅಲ್ಲಿ ಶಾಕ್ ಹೊಡೀತದಾ ಮಗಾ?" ಎಂದು ಕೇಳಿದರು.

ಮುಹೂರ್ತದ ಹೊತ್ತಿಗೆ ಅವನನ್ನು ಒಳಗೆ ಬಿಡಲೇ ಇಲ್ಲ. ಮಕ್ಕಳು, ಮದುವೆಯಾಗದವರು ಇದನ್ನು ನೋಡುವಂತಿಲ್ಲವಂತೆ. ಸಂಶೋಧಕರು ಮೀಟರ್ ಸಮೇತ ಜಗಲಿಯಲ್ಲಿ ಕೂತರು.

ಒಳಗೆ ಎರಡು ಕುರ್ಚಿ. ಒಂದರಲ್ಲಿ ಪಂಚೆ, ಅಂಗಿ. ಇನ್ನೊಂದರಲ್ಲಿ ಸೀರೆ, ರವಕೆ, ಬಳೆ, ಮಲ್ಲಿಗೆ. ಧಾರೆ ಸೀರೆ ಕೊಟ್ಟ ಮೇಲೆ ಎಲ್ಲರೂ ಸ್ವಲ್ಪ ಹೊತ್ತು ಸುಮ್ನೆ ಕಾದರು. ಮದುಮಗಳು ಉಟ್ಟು ಬರಬೇಕಲ್ಲ! "ಬೇಗ ಆಗ್ಲಿ, ಹೊತ್ತು ಮೀರ್ತದೆ" ಅಂದರು ಗಂಡಿನ ಕಡೆಯ ಹಿರಿಯರು, ಯಾವ ಮದುವೆಯಲ್ಲೂ ಅನ್ನುವ ಹಾಗೆಯೇ. ಯಾರೂ ನಗಲಿಲ್ಲ. ತಾಯಿ ಸೀರೆಯ ನೆರಿಗೆಯನ್ನು ಮತ್ತೆ ಮತ್ತೆ ಸರಿ ಮಾಡುತ್ತಿದ್ದರು. ಕರಿಮಣಿ ಕಟ್ಟಿದ್ದಾಯಿತು, ಕುರ್ಚಿ ಅದಲುಬದಲಾಯಿತು. ಆಮೇಲೆ ಬಾಳೆಲೆಯಲ್ಲಿ ಕೋಳಿ ಸುಕ್ಕ.

ಊಟದ ಹೊತ್ತಿಗೆ ಹುಡುಗ ಕೇಳಿದ್ದು ಒಂದೇ: "ಮಾವ, ಏನಾದ್ರೂ ಕಂಡಿತಾ?" ಆ ಮನೆಯಲ್ಲಿ ಅದನ್ನು ಕೇಳಿದವನು ಅವನೊಬ್ಬನೇ. ಉಳಿದವರಿಗೆಲ್ಲ ಇದ್ದದ್ದು ಬೀಗರ ಚಿಂತೆ. ಮುಂದೆ ತಮ್ಮನ ಮದುವೆಗೆ ಆ ಮನೆಯವರನ್ನು ಕರೆಯಬೇಕು, ಅಲ್ಲಿ ಸಾವಾದರೆ ಇವರು ಹೋಗಬೇಕು.

ಅವನಿಗೆ ಇವಾನ್ಸ್-ಪ್ರಿಚರ್ಡ್ ಎಂಬ ಮಾನವಶಾಸ್ತ್ರಜ್ಞರ ಕತೆ ಹೇಳಿದೆ. 1930ರ ದಶಕದಲ್ಲಿ ಅವರು ಸುಡಾನಿನ ನೂಯರ್ ಜನರ ನಡುವೆ ಇದ್ದವರು. ಅಲ್ಲಿ ಗಂಡಸು ಮಕ್ಕಳಿಲ್ಲದೆ ಸತ್ತರೆ ತಮ್ಮನೋ ದಾಯಾದಿಯೋ ಅವನ ಹೆಸರಲ್ಲಿ ವಧುದಕ್ಷಿಣೆಯಾಗಿ ದನ ಕೊಟ್ಟು ಮದುವೆಯಾಗುತ್ತಾನೆ. ಹುಟ್ಟುವ ಮಕ್ಕಳು ಸತ್ತವನ ಮಕ್ಕಳೇ. ನಮ್ಮಲ್ಲಿ ಇಬ್ಬರೂ ಸತ್ತವರು, ಮಕ್ಕಳ ಮಾತೇ ಇಲ್ಲ. ಎರಡು ಮನೆ ಕೂಡಿದರೆ ಸಾಕು.

ಅದಕ್ಕೂ ಮೊದಲು ಇವಾನ್ಸ್-ಪ್ರಿಚರ್ಡ್ ಸುಡಾನಿನದೇ ಅಜಾಂಡೆ ಎಂಬ ಜನರ ಜೊತೆ ಇದ್ದಾಗ ಒಂದು ರಾತ್ರಿ ಅವರಿಗೊಂದು ಬೆಳಕು ಹಾದುಹೋಗುವುದು ಕಂಡಿತು. ಬೆಳಗಾದರೆ ಅದು ಹೋದ ದಿಕ್ಕಿನಲ್ಲಿ ಒಂದು ಸಾವು. ಮಾಟಗಾರನ ಬೆಳಕೇ ಅಂದರು ಅಲ್ಲಿಯವರು. ಬಹುಶಃ ಯಾರೋ ಹೊತ್ತಿಸಿದ ಹುಲ್ಲಿನ ಸೂಡಿ ಹಿಡಿದು ಕಕ್ಕಸಿಗೆ ಹೋದದ್ದಿರಬೇಕು ಎಂದು ಬರೆದರು ಸಾಹೇಬರು. ನಿಜ ಏನೆಂದು ಅವರಿಗೂ ಗೊತ್ತಾಗಲಿಲ್ಲ.

"ಅವ್ರ ಹತ್ರ ಮೀಟರ್ ಇರ್ಲಿಲ್ಲ" ಅಂದ ಇವನು.

ಅಜ್ಜಿ ಸಾರು ಬಡಿಸುತ್ತಾ ಅವನನ್ನೇ ನೋಡುತ್ತಿದ್ದರು. ಕೊನೆಗೆ ನನ್ನ ಕಡೆ ತಿರುಗಿ, "ಹುಡುಗನಿಗೆ ಪ್ರಾಯ ಎಷ್ಟಾಯ್ತು? ಬರಿ ಯಾವುದು?" ಅಂದರು.