ಬಕಾಸುರ ಸಿಕ್ಕಿದ

ಮಂಗಳೂರು
9 ಫೆಬ್ರವರಿ 2025, ಭಾನುವಾರ

ಬಂಗುಡೆ ತರಲೆಂದು ಎಂಟಕ್ಕೆ ಹೊರಟವನು ಮನೆ ಮುಟ್ಟುವಾಗ ಹನ್ನೊಂದು. "ದಾರಿಯಲ್ಲಿ ಯಾರು ಸಿಕ್ಕಿದರು?" ಎಂದು ಇವಳು ಕೇಳಿದಳು. ಬಕಾಸುರ ಅಂದೆ. ನಂಬಲಿಲ್ಲ.

ಶಾಲೆಯ ಕಾಂಪೌಂಡಿಗೆ ಮೂರು ದಿನದಿಂದ ಚಿತ್ರ ಬರೆಯುತ್ತಿದ್ದಾರೆ. ಗೇಟಿನ ಹತ್ತಿರ ಕಂಬಳದ ಕೋಣಗಳು, ಆಮೇಲೆ ದೋಣಿ, ತೆಂಗು, ಎಲ್ಲ ಕಡೆ ಇರುವಂಥದ್ದೇ. ಆದರೆ ತಿರುವಿನ ಮೂಲೆಯಲ್ಲಿ, ಮೂಗು ಮುಚ್ಚಿಯೇ ದಾಟಬೇಕಾದ ಜಾಗದಲ್ಲಿ, ಆಳೆತ್ತರದ ಬಕಾಸುರ. ಏಕಚಕ್ರದವರು ಸರದಿ ಪ್ರಕಾರ ಕಳಿಸುತ್ತಿದ್ದ ಬಂಡಿ ಅನ್ನ, ಎರಡು ಕೋಣ, ಒಬ್ಬ ಮನುಷ್ಯ, ಎಲ್ಲ ಉಂಟು. ಅನ್ನವನ್ನು ಬೆಳ್ಳಗೆ ಬರೆದಿಲ್ಲ. ಅಪ್ಪಟ ಕುಚ್ಚಲಕ್ಕಿಯ ಬಣ್ಣ.

ಬರೆಯುವವರಿಗೆ ಅರುವತ್ತರ ಹತ್ತಿರ ಇರಬಹುದು. ಮೊದಲು ಅಂಗಡಿ ಬೋರ್ಡು ಬರೆಯುತ್ತಿದ್ದರಂತೆ. ಫ್ಲೆಕ್ಸ್ ಬಂದದ್ದೇ ಬಂದದ್ದು, ಕೈಗೆ ಕೆಲಸ ಇಲ್ಲದಾಯಿತು. 2009ರಲ್ಲಿ ಬೆಂಗಳೂರಿನ ಪಾಲಿಕೆ ಸಿನಿಮಾ ಬ್ಯಾನರ್ ಬರೆಯುವವರನ್ನು ಹುಡುಕಿ ರಸ್ತೆ ಗೋಡೆಗಳಿಗೆ ಚಿತ್ರ ಬರೆಸಿತ್ತಲ್ಲ, ಆಗಿನಿಂದ ಇಂಥ ಕೈಗಳಿಗೆ ಗೋಡೆಯೇ ಗತಿ ಎಂದು ನನಗನಿಸುತ್ತದೆ.

ನಾನು ನಿಂತದ್ದು ಮುಖ ನೋಡಿ. ಸಣ್ಣ ಕಡ್ಡಿಯ ತುದಿಯಿಂದ ಒಂದೊಂದೇ ಬಿಳಿ ಚುಕ್ಕೆ ಇಡುತ್ತಿದ್ದರು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ರಕ್ಕಸರ ಪಾತ್ರ ಮಾಡುವ ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖಕ್ಕೆ ಚುಟ್ಟಿಯ ಬಿಳಿ ಚುಕ್ಕೆ ಇಡುವುದೂ ಹೀಗೆಯೇ. ಒಂದು ಮುಖ ಮುಗಿಯಲು ಗಂಟೆಗಟ್ಟಲೆ ಬೇಕು. ಸಣ್ಣವನಿದ್ದಾಗ ಬಯಲಾಟದಲ್ಲಿ ನಾವು ನಿದ್ದೆ ತೂಗುವ ಹೊತ್ತಿಗೇ ಈ ವೇಷ ಬರುತ್ತಿತ್ತು. ರಂಗಸ್ಥಳದಿಂದಲ್ಲ, ನಮ್ಮ ಬೆನ್ನ ಹಿಂದಿನಿಂದ! ದೊಂದಿಗೆ ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಚೆಂಡೆ, ಆ ಆರ್ಭಟ. ನಾನೊಮ್ಮೆ ಚಾಪೆಯನ್ನೇ ಸುತ್ತಿಕೊಂಡು ಉರುಳಿದ್ದೆ. ಮನೆಯಲ್ಲಿ ಈಗಲೂ ಆಡಿಕೊಳ್ಳುತ್ತಾರೆ.

ಬೈಕಿನಲ್ಲಿ ಬಂದ ಹುಡುಗನೊಬ್ಬ ನಿಲ್ಲಿಸಿ, "ಅಣ್ಣ, ಪಂಜುರ್ಲಿ ಬರೆಯಿರಿ, ಈಗ ಅದೇ ಟ್ರೆಂಡ್" ಅಂದ.

ಅವರು ತಿರುಗಲೂ ಇಲ್ಲ. "ದೈವ ಗೋಡೆಗೆ ಬೇಡ ಮಾರಾಯ. ಅದಕ್ಕೆ ಸ್ಥಾನ ಉಂಟು, ನೇಮ ಉಂಟು. ಇಲ್ಲಿ ಉಗಿಯುವವರು ಉಗಿಯುತ್ತಾರೆ, ಮತ್ತೊಂದು ಮಾಡುವವರು ಮತ್ತೊಂದು ಮಾಡುತ್ತಾರೆ. ಇವನಾದರೆ ರಕ್ಕಸ, ತಡೆದುಕೊಳ್ಳುತ್ತಾನೆ."

ಹುಡುಗ ನಕ್ಕು ಹೋದ. ನನಗೆ ಮಾತು ಸರಿ ಕಂಡಿತು. ಹೊರಗಿನಿಂದ ಬಂದವರು ಕೋರೆಹಲ್ಲು, ಕೆಂಪು ಕಣ್ಣು ಕಂಡರೆ ಸಾಕು, ದೈವ, ರಕ್ಕಸ ಎರಡನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ದೈವಕ್ಕೆ ನಮ್ಮಲ್ಲಿರುವ ಭೂತ ಎಂಬ ಹೆಸರೂ ಸೇರಿತು ಎಂದರೆ ಕೇಳುವುದೇ ಬೇಡ. ಘಟ್ಟದ ಮೇಲೆ ಅದು ಹೆದರಿಸುವಂಥದ್ದು, ಇಲ್ಲಿ ಕೈಮುಗಿದು ನ್ಯಾಯ ಕೇಳುವಂಥದ್ದು. ಬೇರೆ ಕಡೆ ಇಂಥ ಮೂಲೆಗೆ ದೇವರ ಚಿತ್ರದ ಟೈಲ್ಸ್ ಅಂಟಿಸುತ್ತಾರೆ, ಮೂತ್ರ ಮಾಡದಿರಲಿ ಎಂದು. ದೇವರನ್ನು ಅಲ್ಲಿ ಕಾವಲಿಗೆ ನಿಲ್ಲಿಸುವುದು ನನಗೆ ಯಾವಾಗಲೂ ಇರಿಸುಮುರಿಸು. ಕಾವಲು ರಕ್ಕಸರ ಕೆಲಸವೇ ಅಲ್ಲವಾ? ಶಿವ ಹೇಳಿದನೆಂದು ತನ್ನ ಮೈಯನ್ನೇ ತಿಂದು ಮುಖ ಮಾತ್ರ ಉಳಿಸಿಕೊಂಡ ಕೀರ್ತಿಮುಖ ದೇವಸ್ಥಾನದ ಬಾಗಿಲ ಮೇಲೆ ಕೂತಿದೆ. ಎದುರು ಕಟ್ಟುತ್ತಿರುವ ಫ್ಲ್ಯಾಟಿನಲ್ಲೂ ನಾಲಿಗೆ ಚಾಚಿದ ದೃಷ್ಟಿಬೊಂಬೆ ನೇತಾಡುತ್ತಿದೆ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ವಠಾರದಲ್ಲಿದ್ದಾಗ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದರು. ರಾತ್ರಿ ಮನೆಯವರದೇ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ವಾಪಸಾಗುತ್ತದಂತೆ, ಮರುದಿನ ಮತ್ತೆ ಓದುತ್ತದಂತೆ. ನನ್ನ ಕೋಣೆಯ ಬಾಗಿಲಿಗೂ ಬರೆದಿದ್ದೆ, ಸೀಮೆಸುಣ್ಣದಲ್ಲಿ. ಬಾಡಿಗೆ ಕೇಳಲು ಬಂದ ಓನರಿಗೂ ಅದು ಕಂಡಿತ್ತು. ಅದು ಬೇರೆ ಕಥೆ.

ಸಂಜೆ ಮಗಳನ್ನು ಕರೆದುಕೊಂಡು ಹೋದೆ. ಕಣ್ಣಿಗೆ ಇನ್ನೂ ಬೊಟ್ಟು ಇಟ್ಟಿರಲಿಲ್ಲ, ಅದು ಕೊನೆಗಂತೆ. ಅಷ್ಟರಲ್ಲೇ ಯಾರೋ ಅನ್ನದ ರಾಶಿಗೆ ಎಲೆಯಡಿಕೆ ಉಗಿದಾಗಿತ್ತು, ಕೆಂಪಗೆ, ಅಂಗೈಯಗಲ. ನನಗೇ ಸಿಟ್ಟು ಬಂತು. ಅವರು ಎರಡು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿದರು.

"ಇರಲಿ ಮಾರಾಯ್ರೆ, ಅದರ ಮೇಲೆ ನಾಲ್ಕು ಮಿಡಿ ಬರೆದರೆ ಉಪ್ಪಿನಕಾಯಿ ಆಗ್ತದೆ" ಎಂದು ಹಸಿರು ಡಬ್ಬಿ ತೆಗೆದರು.