ಪಾತ್ರಕ್ಕೆ ದುಡ್ಡು ಕಟ್ಟದವರ ಫೋಟೋ

"ಅವರು ಪಾತ್ರಕ್ಕೆ ದುಡ್ಡು ಕಟ್ಟಿಲ್ವಲ್ಲ ಅಣ್ಣ."

ಬುಧವಾರ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಗುಬ್ಬಿ ಹತ್ತಿರದ ನಮ್ಮ ಭಾವನ ಊರಲ್ಲಿ ಕುರುಕ್ಷೇತ್ರ ನಾಟಕ ಆಯಿತು. ಭಾವನದು ದುರ್ಯೋಧನ. ಇಂಥ ಊರ ನಾಟಕದಲ್ಲಿ ಪಾತ್ರ ಮಾಡುವವರೇ ಪಾತ್ರಕ್ಕೆ ದುಡ್ಡು ಕಟ್ಟಬೇಕು; ಜಾಸ್ತಿ ಕಟ್ಟಬೇಕಾದ್ದು ದುರ್ಯೋಧನ, ಕೃಷ್ಣನಿಗೇ. ಆಲ್ಬಂಗೆ ಫೋಟೋ ಆರಿಸಲು ಸ್ಟುಡಿಯೋ ಹುಡುಗ ಲ್ಯಾಪ್‌ಟಾಪ್ ತಂದಿದ್ದ. "ನೀನೂ ಕ್ಯಾಮೆರಾ ಹಿಡ್ಕೊಂಡು ತಿರುಗ್ತೀಯಲ್ಲ, ಬಂದು ನೋಡಿ ಹೇಳು" ಅಂತ ಭಾವ ಕರೆದರು. ನಾನು ಹವ್ಯಾಸಕ್ಕೆ ಫೋಟೋ ತೆಗೆಯುವವನು, ಆತ ಅದರಲ್ಲೇ ಹೊಟ್ಟೆ ಹೊರೆಯುವವನು. ಆದರೂ ಸುಮ್ನೆ "ಸೂಪರ್" ಅಂದು ಕಳಿಸಲು ಮನಸ್ಸು ಬರಲಿಲ್ಲ. ಬೆಳಗಿನ ಜಾವದ ತನಕ ನಿದ್ದೆಗೆಟ್ಟವನಿಗೆ ನಿಜ ಹೇಳುವುದೇ ಮರ್ಯಾದೆ.

ಹುಡುಗ ಶ್ರದ್ಧೆಯವನು. ಒಂದು ಪಾತ್ರವನ್ನೂ ಬಿಟ್ಟಿರಲಿಲ್ಲ, ಬಹುಪಾಲು ಸ್ಪಷ್ಟವಾಗಿ ಬಂದಿದ್ದವು. ಆದರೆ ಹೆಚ್ಚಿನವಕ್ಕೆ ಎದುರಿನಿಂದ ಫ್ಲ್ಯಾಶ್ ಹೊಡೆದಿದ್ದ. ಕಿರೀಟದ ಕನ್ನಡಿ ಚೂರುಗಳು ಬೆಳ್ಳಗೆ ಉರಿದು, ಹಿಂದಿನ ಅರಮನೆ ಪರದೆ ಬರೀ ಬಟ್ಟೆಯಾಗಿ ಕಾಣುತ್ತಿತ್ತು. ಫ್ಲ್ಯಾಶ್ ಇಲ್ಲದ ಕೆಲವಲ್ಲಿ ಕೆಂಪು ಎಲ್‌ಇಡಿ ಬಿದ್ದು ಭೀಮನ ಕಣ್ಣು ಮೂಗು ಒಂದೇ ಮುದ್ದೆ. ಇನ್ನು ಕೆಲವಲ್ಲಿ ಅಡ್ಡ ಪಟ್ಟಿಗಳು. ನಮ್ಮ ಕರೆಂಟು 50 ಹರ್ಟ್ಸ್‌ನದು, ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ 1/100 ಸೆಕೆಂಡಿಗೆ ಇಳಿಸಿದರೆ ಪಟ್ಟಿ ಬಹುಪಾಲು ಹೋಗುತ್ತದೆ ಅಂದೆ. ತಕ್ಷಣ ಫೋನಲ್ಲಿ ಬರೆದುಕೊಂಡ. ಇಷ್ಟವಾಯಿತು ನನಗೆ.

ಅಷ್ಟಕ್ಕೇ ಮುಗಿಯುತ್ತಿತ್ತು. 'ವೇಸ್ಟ್' ಅಂತ ಹೆಸರಿಟ್ಟ ಫೋಲ್ಡರ್ ಕಣ್ಣಿಗೆ ಬಿತ್ತು. ತೆಗೆಸಿದೆ.

ಅದರಲ್ಲಿ ಡ್ರಾಮಾ ಮೇಷ್ಟ್ರ ಒಂದು ಫೋಟೋ. ಫ್ಲ್ಯಾಶ್ ಇಲ್ಲ. ಎಡಗೈ ಹಾರ್ಮೋನಿಯಂ ತಿದಿಯ ಮೇಲೆ, ಬಲಗೈ ಬೆರಳು ಮನೆ ಒತ್ತಿ ನಿಂತಿದೆ. ಗದ್ದ ಮೇಲೆತ್ತಿ, ಬಾಯಿ ಅರ್ಧ ತೆರೆದು, ರಂಗದ ಮೇಲಿರುವ ಯಾರಿಗೋ ಶ್ರುತಿ ಹಿಡಿಸುತ್ತಿದ್ದಾರೆ. ಕತ್ತಿನ ನರ ಉಬ್ಬಿದೆ. ಅಂಚಿನಲ್ಲಿ ದುರ್ಯೋಧನನ ಗದೆಯ ತುದಿ ಮಾತ್ರ. ಆ ರಾತ್ರಿಯ ನಾಟಕ ಪೂರ್ತಿ ಅದರಲ್ಲಿತ್ತು.

ಇದನ್ನು ಯಾಕೆ ಬಿಟ್ಟೆ ಅಂದೆ. ಆಗ ಬಂತು ಆ ಉತ್ತರ.

ಅವನು ಹೇಳಿದ್ದು ಲೆಕ್ಕದ ಪ್ರಕಾರ ಸರಿಯೇ. ಹಾರ ಹಾಕಲು ಬಂದ ನೆಂಟರು ಫೋಟೋ ಕೇಳುತ್ತಾರೆ. ನೋಟಿನ ಹಾರ ಹಾಕಿಸಿಕೊಂಡವರು ಕೇಳುತ್ತಾರೆ. ಶಾಲು ಹೊದ್ದು ಭಾಷಣ ಮಾಡಿ ಮೊದಲ ಪದ್ಯಕ್ಕೂ ಕಾಯದೆ ಹೊರಟ ಮುಖಂಡರ ಫೋಟೋ ರಾಶಿ ಇತ್ತು, ಅವರ ಕಡೆಯವರೂ ಕೇಳುತ್ತಾರೆ. ತಿಂಗಳುಗಟ್ಟಲೆ ರಾತ್ರಿ ಕೂತು, ಹೊಲದ ಕೆಲಸ ಮುಗಿಸಿ ಬಂದವರ ಬಾಯಲ್ಲಿ ಕಂದಪದ್ಯ ಹೇಳಿಸಿದವರು ಕೇಳುವುದಿಲ್ಲ. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಗುಬ್ಬಿಯ ಸೀಮೆ ಇದು. ಇಲ್ಲಿ ಇವತ್ತಿಗೂ ನಾಟಕ ಉಳಿದಿದ್ದರೆ ಊರೂರು ಸುತ್ತುವ ಇಂಥ ಮೇಷ್ಟ್ರುಗಳಿಂದ, ಅಲ್ವಾ? ನಾಳೆ ಮೊಮ್ಮಕ್ಕಳು ಆಲ್ಬಂ ತೆಗೆದಾಗ ಮುಖಂಡರು ಇರುತ್ತಾರೆ, ಇವರು ಇರುವುದಿಲ್ಲ. ದುಡ್ಡು ಕಟ್ಟಿದವರೇ ಊರಿನ ನೆನಪೂ ಆಗಿಬಿಡುತ್ತಾರೆ. ಈ ಯೋಚನೆಗೆ ನನಗೆ ನಿಜಕ್ಕೂ ಸಂಕಟವಾಯಿತು.

ಹವ್ಯಾಸದವನ ಮಾತಿಗೆ ಏನು ಬೆಲೆ ಅಂತ ಕೇಳುವವರಿದ್ದಾರೆ. ನನಗೆ ಆಲ್ಬಂ ಮಾರಬೇಕಿಲ್ಲ. ಹಾಗಾಗಿ ಮಾರಾಟವಾಗದ್ದೂ ಕಣ್ಣಿಗೆ ಬೀಳುತ್ತದೆ. ಆದರೆ ಆ ಹೊತ್ತಲ್ಲಿ ಅಲ್ಲಿ ನಿಂತು ಬಟನ್ ಒತ್ತಿದ್ದು ಆ ಹುಡುಗನೇ. ಅದನ್ನೂ ಅವನಿಗೆ ಹೇಳಿದೆ: "ನಿನ್ನ ಕಣ್ಣು ಚೆನ್ನಾಗಿದೆ ಕಣೋ, ಅದನ್ನು ವೇಸ್ಟ್ ಮಾಡಬೇಡ."

ಭಾವ ಒಪ್ಪಲಿಲ್ಲ. ಆ ಜಾಗದಲ್ಲಿ ಗದಾಯುದ್ಧದ್ದು ಇನ್ನೊಂದು ಹಾಕಿಸಬಹುದು ಅಂದರು. "ರಾಗ ತಪ್ಪಿದಾಗೆಲ್ಲ ನಿಮ್ಮನ್ನು ಎಳೆದು ತಂದಿದ್ದು ಯಾರು?" ಅಂತ ಅಕ್ಕ ಕೇಳಿದ ಮೇಲೆ ಒಂದು ಪುಟ ಬಿಟ್ಟುಕೊಟ್ಟರು. ಮೇಷ್ಟ್ರಿಗೊಂದು ದೊಡ್ಡ ಪ್ರಿಂಟ್ ನನ್ನ ಖರ್ಚಲ್ಲಿ ಹಾಕಲು ಹೇಳಿದೆ.

"ಮುಖ ಸ್ವಲ್ಪ ಬೆಳ್ಳಗೆ ಮಾಡ್ಲಾ ಅಣ್ಣ?" ಅಂದ ಹುಡುಗ.

"ಬೇಡ, ಹೇಗಿದೆಯೋ ಹಾಗೇ ಹಾಕು" ಅಂದೆ.