ಸೇತುವೆ ಬಂತು

ಎರಡೂ ಅಂಗೈಯಲ್ಲಿ ಬೊಕ್ಕೆ ಎದ್ದು ಇವತ್ತಿಗೆ ನಾಲ್ಕನೇ ದಿನ. ಅನ್ನ ಕಲಸುವಾಗ ಸಾರಿನ ಖಾರ ತಾಗಿ ಚುರ್ ಅನ್ನುತ್ತದೆ. ಇವರು ಚಮಚ ತಂದಿಟ್ಟು, "ಐವತ್ತೆಂಟಕ್ಕೆ ಹುಟ್ಟು ಹಿಡಿಯಲಿಕ್ಕೆ ಹೋದವಳು ಇನ್ನು ಚಮಚ ಹಿಡಿ" ಎಂದು ನಗುತ್ತಾರೆ. ನಗಲಿ. ಬೊಕ್ಕೆ ಹೇಗೂ ಒಣಗುತ್ತದೆ. ದೋಣಿಯಲ್ಲಿ ಆ ಹೆಂಗಸು ಕೇಳಿದ ಒಂದೇ ಶಬ್ದದ ಪ್ರಶ್ನೆ, ಅದಕ್ಕೆ ನಾನು ಹಿಂದುಮುಂದು ನೋಡದೆ ಕೊಟ್ಟ ಉತ್ತರ ಮಾತ್ರ ಇನ್ನೂ ಚುಚ್ಚುತ್ತಲೇ ಇದೆ.

ಮ್ಯೂನಿಕ್‌ನಲ್ಲಿರುವ ಮಗಳ ಮನೆಗೆ ಬಂದು ಎರಡು ತಿಂಗಳಾಯಿತು. ಇಷ್ಟು ದೂರ ಬಂದವರು ವೆನಿಸ್ ನೋಡದೆ ಹೋದರೆ ಊರಲ್ಲಿ ಮರ್ಯಾದೆ ಇರುತ್ತದಾ ಎಂದು ಇವರದ್ದೇ ಹಟ. ಮಗಳೋ, ಚಹಾ ಎಲ್ಲಿ ಕುಡಿಯುವುದು ಅಂತಲೂ ಮೊದಲೇ ಬುಕ್ ಮಾಡುವ ಜಾತಿ. "ಗೊಂಡೊಲಾ ದೋಣಿ ಬೇಡ ಅಮ್ಮ. ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ಮೇಲೆ 110. ಕೂತು ಫೋಟೋ ತೆಗೆಸಿಕೊಂಡು ಇಳಿಯುವುದು ಅಷ್ಟೆ. ನಿನಗೆ ನಾನು ಬೇರೆ ಇಟ್ಟಿದ್ದೇನೆ" ಅಂದಳು. ಆ ಬೇರೆ ಏನೆಂದು ವೆನಿಸ್ ಮುಟ್ಟುವವರೆಗೂ ಬಾಯಿ ಬಿಡಲಿಲ್ಲ. ಮೊದಲೇ ಹೇಳಿದ್ದರೆ ನಾನು ಮೊಣಕಾಲು ನೋವು ಅನ್ನುತ್ತಿದ್ದೆ, ಅವಳಿಗೆ ಗೊತ್ತು.

ರೈಲು ಊರು ಸೇರುವುದು ನೀರಿನ ಮೇಲಿನ ಸೇತುವೆಯಲ್ಲಿ. ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್. ಎರಡೂ ಬದಿ ಹಿನ್ನೀರು, ಅಲ್ಲಲ್ಲಿ ನೆಟ್ಟ ಮರದ ಕಂಬಗಳು, ಕಂಬದ ಮೇಲೊಂದು ಹಕ್ಕಿ. ಇವರು ಮೊಬೈಲು ಹಿಡಿದು ಕಿಟಕಿಗೆ ಅಂಟಿಕೊಂಡರು. ನನಗೆ ಕಂಡದ್ದು ನಮ್ಮ ಕುದ್ರು. ಕುಂದಾಪುರದ ಆಚೆ ಈಚೆ ಹೊಳೆಗಳ ನಡುವೆ ಕೂತ ತೆಂಗಿನ ಕುದ್ರುಗಳನ್ನು ನೋಡಿದವರಿಗೆ ವೆನಿಸ್‌ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. 118 ಕುದ್ರು, ತೆಂಗಿನ ಬದಲು ಅರಮನೆ, ಇಗರ್ಜಿ. ಕಾರಿಲ್ಲ, ಬೈಕಿಲ್ಲ, ಸೈಕಲ್ಲೂ ಇಲ್ಲ. ಕಸ ಒಯ್ಯುವುದು, ಹೆಣ ಒಯ್ಯುವುದು, ಫ್ರಿಜ್ಜು ತರುವುದು ಎಲ್ಲ ದೋಣಿಯಲ್ಲೇ.

ಮೊದಲ ದಿನ ಮಗಳು ಸಂತ ಸೋಫಿಯಾ ಅನ್ನುವ ಕಡೆ ಒಂದು ಮರದ ಕಟ್ಟೆಗೆ ಕರೆದುಕೊಂಡು ಹೋದಳು. ದೊಡ್ಡ ಕಾಲುವೆಯ ಈ ದಡದಿಂದ ಎದುರಿನ ಮೀನು ಮಾರುಕಟ್ಟೆಗೆ ದಾಟಿಸುವ ದೋಣಿ. ಅದೂ ಗೊಂಡೊಲಾನೇ, ಆದರೆ ಮಕಮಲ್ಲು, ಹಿತ್ತಾಳೆ ಕುದುರೆ ಏನೂ ಇಲ್ಲ. ಹಿಂದೊಬ್ಬ ಮುಂದೊಬ್ಬ ಅಂಬಿಗರು. ತಲೆಗೆ 2 ಯೂರೋ, ಊರಿನವರಿಗೆ ಅದಕ್ಕಿಂತ ಎಷ್ಟೋ ಕಡಿಮೆ. ಎರಡು ನಿಮಿಷದಲ್ಲಿ ಆಚೆ ದಡ. ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ನಿಂತೇ ದಾಟಿದರು, ನಾನೂ ನಿಂತೆ. ಇವರು ಕೂತರು. ಕೂತದ್ದಲ್ಲದೆ ನನ್ನ ಸೆರಗನ್ನೂ ಹಿಡಿದುಕೊಂಡರು. ಘಟ್ಟದ ಮೇಲಿನವರು, ಏನು ಮಾಡುವುದು.

ಇದು ನಮ್ಮ ಹೊಳೆ ದಾಟುವ ಕಡವು ಅಲ್ಲವಾ ಅಂತ ಆಗಲೇ ಎದೆಯಲ್ಲಿ ಏನೋ ಕದಲಿತ್ತು. ಮಾರನೇ ದಿನ ಅದೇ ಬಾಯಿಗೆ ಬಂದು ನನ್ನನ್ನು ಸಿಕ್ಕಿಸಿ ಹಾಕಿತು.

ಮಗಳು ಬುಕ್ ಮಾಡಿದ್ದು ದೋಣಿ ನಡೆಸುವ ಪಾಠ. ಒಂದೂವರೆ ಗಂಟೆ. ಜನಜಂಗುಳಿಯಿಂದ ದೂರ, ಊರಿನ ಉತ್ತರದ ಅಂಚಿನಲ್ಲಿರುವ ಕಾನ್ನರೇಜೊ ಅನ್ನುವ ಭಾಗದ ಒಂದು ಕಾಲುವೆ. ಅಲ್ಲಿ ನಮಗಾಗಿ ಕಾಯುತ್ತಿದ್ದವರು ಅರವತ್ತರ ಹತ್ತಿರದ ಹೆಂಗಸು. ಬಿಸಿಲಿಗೆ ಸುಟ್ಟ ತೋಳು, ಕತ್ತರಿಸಿದ ಬಿಳಿ ಕೂದಲು, ನಗು ಕಡಿಮೆ. ನನ್ನ ಸೀರೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ನಾನು ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದೆ. ತಲೆ ಆಡಿಸಿದರು. ಅಲ್ಲಿಗೆ ಪರಿಚಯ ಮುಗಿಯಿತು. ನನಗೆ ಇಂಥವರು ಇಷ್ಟ. ಹಿಂದಿನ ದಿನ ಮ್ಯೂಸಿಯಮ್ಮಿನಲ್ಲಿ ಹಲ್ಲು ಕಿರಿದು ಕಿರಿದು ಮಾತಾಡಿದ ಗೈಡಿಗಿಂತ ಸಾವಿರ ಪಾಲು ವಾಸಿ.

ದೋಣಿಯ ಹಿಂಭಾಗ ಸಿಗಡಿಯ ಬಾಲದ ಹಾಗೆ ಬಾಗಿ ಎದ್ದಿತ್ತು. ಅದರ ಹೆಸರೇ ಸಿಗಡಿ ಬಾಲದ ಬತೇಲಾ ಅಂತೆ. ಸಿಗಡಿ ಅಂದರೆ ನಮ್ಮ ಕಡೆಯ ಚಟ್ಲಿ. ಅದನ್ನು ಕೇಳಿದ ಮೇಲೆ ನನಗೆ ದೋಣಿಯ ಮೇಲೆ ಸಲಿಗೆ ಬಂತು. ಆದರೆ ಅಲ್ಲಿ ಹುಟ್ಟು ಹಾಕುವ ರೀತಿಯೇ ಬೇರೆ. ಕೂತು, ಬೆನ್ನು ಮುಂದಕ್ಕೆ ಮಾಡಿ ಎಳೆಯುವುದಿಲ್ಲ. ಹೋಗುವ ಕಡೆ ಮುಖ ಮಾಡಿ ನಿಂತು, ಒಂದು ಕಾಲು ಮುಂದಿಟ್ಟು, ಇಡೀ ಮೈಭಾರವನ್ನು ಹುಟ್ಟಿನ ಮೇಲೆ ಹಾಕಿ ತಳ್ಳಬೇಕು. ಕಾಲುವೆ ಕಿರಿದು, ನೀರು ಆಳವಿಲ್ಲ, ಎದುರಿಗೆ ಏನು ಬರುತ್ತದೆಂದು ಕಾಣದೆ ಆಗುವುದಿಲ್ಲವಲ್ಲ. ಹುಟ್ಟನ್ನು ಕಟ್ಟಿರುವುದಿಲ್ಲ, ಉಂಗುರವೂ ಇಲ್ಲ. ಫೋರ್ಕೊಲ ಅನ್ನುವ, ಒಂದೇ ಮರದ ತುಂಡಿನಿಂದ ಕೆತ್ತಿದ ಕವೆಯ ಮೇಲೆ ಸುಮ್ಮನೆ ಇಟ್ಟಿರುತ್ತದೆ ಅಷ್ಟೆ. ಆಕ್ರೋಟ ಮರದ್ದು, ಮುಟ್ಟಿದರೆ ಮಗುವಿನ ಭುಜದ ಹಾಗೆ ನಯ. ತಳ್ಳುವುದಕ್ಕೆ ಪ್ರೆಮಿ ಅನ್ನುತ್ತಾರೆ. ತಳ್ಳಿದ ಮೇಲೆ ಮಣಿಕಟ್ಟು ತಿರುಗಿಸಿ, ಹುಟ್ಟಿನ ಅಲಗನ್ನು ನೀರಿನಿಂದ ಎತ್ತದೆ, ನೀರನ್ನು ಸವರುತ್ತ ವಾಪಸು ತರಬೇಕು. ಅದು ಸ್ತಾಲಿ. ಪ್ರೆಮಿ ಎರಡೇ ನಿಮಿಷಕ್ಕೆ ಬಂತು. ಸ್ತಾಲಿ ಬರಲಿಲ್ಲ. ಪ್ರತಿ ಸಲವೂ ಹುಟ್ಟು ಕವೆಯಿಂದ ಟಣ್ಣನೆ ಹಾರುವುದು, ಆಕೆ ಹಿಂದಿನಿಂದ "ಮಣಿಕಟ್ಟು, ಮಣಿಕಟ್ಟು" ಅನ್ನುವುದು.

ಒಂದು ಸಲ ಹೋಟೆಲುಗಳ ಬಟ್ಟೆಗಂಟು ತುಂಬಿದ ಮೋಟಾರು ದೋಣಿಯೊಂದು ಭರ್ರನೆ ಪಕ್ಕದಲ್ಲೇ ಹೋಯಿತು. ಅದರ ಅಲೆಗೆ ನಮ್ಮ ಚಟ್ಲಿ ಕುಣಿಯಿತು, ನಾನು ದೊಪ್ಪನೆ ಕೂತೆ. ಹುಟ್ಟು ನೀರಿಗೆ ಬೀಳುವುದನ್ನು ಆಕೆ ಒಂದೇ ಕೈಯಲ್ಲಿ ಹಿಡಿದು, ಆ ದೋಣಿಯವನಿಗೆ ಅಲ್ಲಿಯ ಭಾಷೆಯಲ್ಲಿ ಏನೋ ಬೈದರು. ಅವನೂ ಏನೋ ಅಂದ. ಆಮೇಲೆ ಇಬ್ಬರೂ ನಕ್ಕರು, ಗುರುತಿನವರೇ ಇರಬೇಕು. ಈ ಮೋಟಾರಿನ ಅಲೆಗಳೇ ಮನೆಗಳ ಬುಡ ತಿನ್ನುತ್ತವಂತೆ. ನಾವು ಹೋದ ಕಾಲುವೆಯಲ್ಲೇ ಎರಡು ಕಡೆ ನೀರಿನ ಮಟ್ಟದಲ್ಲಿ ಇಟ್ಟಿಗೆ ಉದುರಿ, ಹಲ್ಲು ಬಿದ್ದ ವಸಡಿನ ಹಾಗೆ ಕಾಣುತ್ತಿತ್ತು.

ತಿರುವಿನಲ್ಲಿ ಆಕೆ ಗಟ್ಟಿಯಾಗಿ "ಓಯೇ!" ಎಂದು ಕೂಗಿದರು. ಆಚೆಯಿಂದ ಬರುವ ದೋಣಿಗೆ ಎಚ್ಚರಿಕೆ. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಹೊಳೆಯಲ್ಲಿ ಆಚೆ ದಡದ ದೋಣಿ ಕರೆಯಲು "ಹ್ವಾಯ್" ಅನ್ನುತ್ತೇವೆ ಎಂದೆ. ನನ್ನ ಹರಕು ಇಂಗ್ಲಿಷಿನಲ್ಲಿ ಕುದ್ರು, ಕಡವು, ಅಪ್ಪಯ್ಯನ ಪಾತಿ ದೋಣಿ, ಮಳೆಗಾಲದಲ್ಲಿ ಶಾಲೆಗೆ ಹೋಗುತ್ತಿದ್ದದ್ದು ಎಲ್ಲ ಹೇಳಿದೆ. ಸಾಲದ್ದಕ್ಕೆ ಮಗಳು ಬಾಯಿ ಹಾಕಿದಳು. ಆಕೆಯ ಮುಖ ಮೊದಲ ಸಲ ಅರಳಿತು. "ಹಾಗಾದರೆ ನಿಮಗೆ ಹುಟ್ಟು ಹಾಕಲು ಬರಬೇಕಲ್ಲ?"

"ಇಲ್ಲ."

"ಪೆರ್ಕೆ?" ಅದುವರೆಗೆ ಇಂಗ್ಲಿಷಿನಲ್ಲಿದ್ದವರು ಆ ಒಂದು ಶಬ್ದವನ್ನು ತಮ್ಮ ಮಾತಿನಲ್ಲೇ ಕೇಳಿದರು. ಪೆರ್ಕೆ ಅಂದರೆ ನಮ್ಮ ಎಂತಕ್ಕೆ. ಮಗಳು ಅನುವಾದಿಸುವ ಮೊದಲೇ ನನಗೆ ಅರ್ಥವಾಗಿತ್ತು.

"ಸೇತುವೆ ಬಂತು" ಅಂದೆ.

ಆಕೆ ಹುಟ್ಟು ನಿಲ್ಲಿಸಿದರು. ದೋಣಿ ತನ್ನಷ್ಟಕ್ಕೆ ತೇಲಿತು. "ನಮಗೂ ಬಂತು" ಅಂದರು. "ಮೊದಲು ರೈಲಿನದ್ದು, ಆಮೇಲೆ ಕಾರಿನದ್ದು. ನಾನು ದಿನಾ ಅದರ ಮೇಲೇ ಬರುವುದು. ನೀವು ಎಲ್ಲಿ ಉಳಿದಿದ್ದೀರಿ?"

ಮೆಸ್ತ್ರೆ ಎಂದೆವು. ಸೇತುವೆಯ ಆಚೆ ತುದಿಯ ಊರು, ಹೋಟೆಲು ಅಗ್ಗ ಎಂದು ಮಗಳು ಅಲ್ಲಿ ಹಿಡಿದಿದ್ದಳು.

"ನಾನೂ ಮೆಸ್ತ್ರೆ. ನೀವು ಎರಡು ರಾತ್ರಿ. ನಾನು ಹದಿನಾರು ವರ್ಷ."

ಹುಟ್ಟಿದ್ದು ಇಲ್ಲೇ, ಎರಡು ಕಾಲುವೆ ಆಚೆ. ಮನೆಯ ಯಜಮಾನ ಬಾಡಿಗೆಯವರನ್ನು ಬಿಡಿಸಿ ಪ್ರವಾಸಿಗರಿಗೆ ದಿನದ ಲೆಕ್ಕದಲ್ಲಿ ಕೊಡತೊಡಗಿದ. ಇಷ್ಟನ್ನು ಹೇಳಿ ಮತ್ತೆ "ಮಣಿಕಟ್ಟು" ಅಂದರು. ಮರುಕ ತೋರಿಸಲಿಕ್ಕೆ ನನಗೆ ಅವಕಾಶವೇ ಕೊಡಲಿಲ್ಲ.

ರೈಲಿನ ಸೇತುವೆ ಬಂದದ್ದು 1846ರಲ್ಲಿ, ರಸ್ತೆಯದ್ದು 1933ರಲ್ಲಿ. 1951ರಲ್ಲಿ ಹಳೇ ಊರಿನಲ್ಲೇ 1,70,000ಕ್ಕೂ ಹೆಚ್ಚು ಜನ ಇದ್ದರು. ಈಗ? ಆ ಸಂಜೆ ರಿಯಾಲ್ತೊ ಸೇತುವೆ ಹತ್ತಿರದ ಒಂದು ಔಷಧದ ಅಂಗಡಿಯ ಕಿಟಕಿಗೆ ಮಗಳು ಕರೆದೊಯ್ದಳು. ಅವಳ ಪಟ್ಟಿಯಲ್ಲಿ ಅದೂ ಒಂದು ಪ್ರೇಕ್ಷಣೀಯ ಸ್ಥಳ. ಕಿಟಕಿಯೊಳಗೆ ಒಂದು ಅಂಕಿಫಲಕ, ಊರಿನಲ್ಲಿ ಎಷ್ಟು ಜನ ಉಳಿದಿದ್ದಾರೆಂದು ತೋರಿಸುತ್ತದೆ. 2008ರಲ್ಲಿ ಇಟ್ಟಾಗ ಅರವತ್ತು ಸಾವಿರದ ಆಸುಪಾಸು ಇತ್ತು. ನಾವು ನೋಡಿದ್ದು ಐವತ್ತು ಸಾವಿರಕ್ಕಿಂತ ಕೆಳಗೆ. ಜ್ವರದ ಮಾತ್ರೆಯ ಜಾಹೀರಾತಿನ ನಡುವೆ ಊರಿನದ್ದೇ ಜ್ವರದ ಚೀಟಿ. ನಮ್ಮ ಹಿಂದೆ ಐಸ್‌ಕ್ರೀಮ್ ನೆಕ್ಕುತ್ತ ಸಾವಿರ ಜನ ಹಾದುಹೋಗುತ್ತಿದ್ದರು. ನಾನೂ ಆಗಷ್ಟೇ ಒಂದು ನೆಕ್ಕಿ ಮುಗಿಸಿದ್ದೆ, ಪಿಸ್ತಾದ್ದು.

ಆ ಅಂಕಿ ನೋಡುವಾಗ ನನ್ನ ಉತ್ತರ ಸುಳ್ಳು ಅನ್ನುವುದು ಹೊಳೆಯಿತು.

ನಮ್ಮ ಕುದ್ರಿಗೆ ಸೇತುವೆ ಬಂದಾಗ ನನಗೆ ಹದಿನೆಂಟು. ಅಷ್ಟು ವರ್ಷ ಹೊಳೆ ದಾಟಿದ್ದು ದೋಣಿಯಲ್ಲೇ. ಕಲಿಯುವುದಿದ್ದರೆ ಕಲಿಯಲು ಬೇಕಾದಷ್ಟು ಪುರುಸೊತ್ತಿತ್ತು. ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಹತ್ತಕ್ಕೇ ಕಲಿತ. ಅಪ್ಪಯ್ಯ ಅವನ ಹಿಂದೆ ನಿಂತು, ಅವನ ಕೈ ಮೇಲೆ ಕೈ ಇಟ್ಟು ಕಲಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ನಡುಹಲಗೆಯ ಮೇಲೆ ಬುತ್ತಿ, ಕೊಡೆ ಹಿಡಿದು ಕೂತಿರುತ್ತಿದ್ದೆ. ಒಮ್ಮೆ ಮಾತ್ರ ಹುಟ್ಟು ಮುಟ್ಟಿದ್ದೆ. "ಬ್ಯಾಡ ಮಗಾ, ಕೈ ಒರಟಾತ್" ಅಂದರು ಅಪ್ಪಯ್ಯ. ಗದರಿದ್ದಲ್ಲ, ಮುದ್ದಿನಿಂದಲೇ ಹೇಳಿದ್ದು. ಅದೇ ಕೈಯಲ್ಲಿ ನಾನು ಒರಳು ತಿರುವಿದೆ, ಸೋಗೆ ಹೆಣೆದೆ, ಬಾವಿಯಿಂದ ನೀರು ಸೇದಿದೆ. ಅದರಿಂದ ಕೈ ಒರಟಾಗುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ತೆಗೆದುಕೊಳ್ಳಲಿಲ್ಲ. ಇನ್ನೊಂದು ಸಲ ಕೇಳಿದ್ದರೆ ಅಪ್ಪಯ್ಯ ಕೊಡುತ್ತಿದ್ದರೋ ಏನೋ. ನಾನು ಕೇಳಲಿಲ್ಲ. ಎಲ್ಲವನ್ನೂ ಪಾಪದ ಸೇತುವೆಯ ತಲೆಗೆ ಕಟ್ಟಿದೆ.

ದೋಣಿ ಇಳಿಯುವಾಗ ಆಕೆ ಒಂದು ಮಾತು ಹೇಳಿದ್ದರು, ಆಗ ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. 1493ರಲ್ಲಿ, ಬೆಯಾತ್ರೀಚೆ ದೆಸ್ತೆ ಅನ್ನುವ ಅರಸು ಮನೆತನದ ಹೆಂಗಸು ಈ ಊರಿಗೆ ಬಂದಾಗ ಅವಳ ಗೌರವಕ್ಕೆ ಹೆಂಗಸರ ದೋಣಿ ಪಂದ್ಯ ನಡೆಸಿದ್ದರಂತೆ, ಸುತ್ತಲಿನ ಹಳ್ಳಿಯ ಹೆಂಗಸರನ್ನು ಸೇರಿಸಿ. ಆದರೆ ಹೆಂಗಸೊಬ್ಬಳಿಗೆ ಗೊಂಡೊಲಾ ನಡೆಸುವ ಪರವಾನಗಿ ಸಿಕ್ಕಿದ್ದು 2010ರಲ್ಲಿ. ಚಂದ ನೋಡಲಿಕ್ಕೆ ಹುಟ್ಟು ಕೊಟ್ಟವರು ಹೊಟ್ಟೆಪಾಡಿಗೆ ಕೊಡಲು ಐನೂರು ವರ್ಷ ಕಾಯಿಸಿದರು. ಅದಕ್ಕೆ ಯಾವ ಸೇತುವೆ ಅಡ್ಡ ಬಂದಿತ್ತು? ಆ ದೊಡ್ಡ ಕಾಲುವೆಗೆ 1854ರವರೆಗೆ ಇದ್ದದ್ದೇ ರಿಯಾಲ್ತೊ ಒಂದು.

ಮರುದಿನ ಇವರ ಪಾಳಿ. ಸಾನ್ ಲಾಝಾರೊ ಅನ್ನುವ ಅರ್ಮೇನಿಯನ್ ಸನ್ಯಾಸಿಗಳ ಪುಟ್ಟ ಕುದ್ರು. ಒಂದು ಕಾಲದಲ್ಲಿ ಕುಷ್ಠರೋಗಿಗಳನ್ನು ಇಡುತ್ತಿದ್ದ ಜಾಗವನ್ನು 1717ರಲ್ಲಿ ಆ ಸನ್ಯಾಸಿಗಳಿಗೆ ಕೊಟ್ಟರು. ಈಗ ಸಾವಿರಾರು ಹಸ್ತಪ್ರತಿ, ಒಂದು ಈಜಿಪ್ಟಿನ ಮಮ್ಮಿ, ತೋಟದ ಗುಲಾಬಿ ಎಸಳಿನ ಜಾಮು. 19ನೇ ಶತಮಾನದಲ್ಲಿ ಆ ಸನ್ಯಾಸಿಗಳು ವೆನಿಸ್ಸಿನಲ್ಲಿ ನಡೆಸಿದ ಶಾಲೆಗೆ ದುಡ್ಡು ಕೊಟ್ಟವರು ಮದ್ರಾಸಿನ ಅರ್ಮೇನಿಯನ್ ವ್ಯಾಪಾರಿಗಳು ಎಂದು ಗೊತ್ತಾದದ್ದೇ ಇವರಿಗೆ ಸ್ವರ್ಗ ಸಿಕ್ಕಿತು. "ನೋಡು, ನಮ್ಮ ಮದ್ರಾಸು!" ಮದ್ರಾಸು ಯಾವಾಗ ನಮ್ಮದಾಯಿತೋ. ಪರದೇಶದಲ್ಲಿ ಎಲ್ಲ ನಮ್ಮದೇ. ನಾನು ಜಾಮಿನ ಬಾಟಲಿ ಹಿಡಿದು ಹೂಂಗುಟ್ಟಿದೆ. ತಲೆಯಲ್ಲಿ ಪೆರ್ಕೆ, ಪೆರ್ಕೆ.

ವಾಪಸು ಬಂದ ರಾತ್ರಿ ತಮ್ಮನಿಗೆ ಫೋನು ಮಾಡಿದೆ. ಊರಿನಲ್ಲಿ ಆಗ ನಡುರಾತ್ರಿ ಅನ್ನುವುದನ್ನೇ ಮರೆತಿದ್ದೆ. ಯಾರಿಗೆ ಏನಾಯಿತೋ ಎಂದು ಗಾಬರಿಯಲ್ಲಿ ಎತ್ತಿದ. ಅಪ್ಪಯ್ಯನ ಹುಟ್ಟು ಇದೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಹೆಂಡತಿಗೆ "ಅಕ್ಕ, ಅಕ್ಕ, ಎಂತದ್ದೂ ಇಲ್ಲ" ಅಂದದ್ದು ಕೇಳಿಸಿತು.

ಬೆಳಿಗ್ಗೆ ವಾಟ್ಸಾಪಿನಲ್ಲಿ ಫೋಟೋ ಬಂತು. ಬಚ್ಚಲು ಮನೆಯ ಹಿಂದೆ ಗೊನೆ ಹೊತ್ತು ವಾಲಿದ ಬಾಳೆ, ಅದು ಬೀಳದ ಹಾಗೆ ಆನಿಸಿ ನಿಲ್ಲಿಸಿದ್ದು ಅಪ್ಪಯ್ಯನ ಹುಟ್ಟು. ಅಲಗು ಮೇಲೆ, ಹಿಡಿ ಮಣ್ಣಿನಲ್ಲಿ. ಕೆಳಗೆ ಅವನ ಧ್ವನಿ ಸಂದೇಶ: "ಅಲ್ದಕ್ಕ, ಎಂತಕ್ಕೆ ಈಗ ಅದ್?"

ಇದಕ್ಕೂ ಸೇತುವೆ ಬಂತು ಅನ್ನಲಾಗುವುದಿಲ್ಲ. ಬೊಕ್ಕೆ ಎದ್ದ ಹೆಬ್ಬೆರಳಲ್ಲಿ ಟೈಪು ಮಾಡುವುದೂ ಕಷ್ಟ. ಅಂತೂ ಬರೆದೆ: "ಗೊನೆ ಬಲಿತು ಇಳಿಸಿದ ಮೇಲೆ ತೊಳೆದು ಒಳಗಿಡು. ದೀಪಾವಳಿಗೆ ಬರ್ತೆ. ಯಾರ ಹತ್ರ ಆದ್ರೂ ಒಂದು ಪಾತಿ ದೋಣಿ ಉಳಿದಿದ್ಯಾ, ಕೇಳಿಡು."